ಕೈ ಒಡೆದಿದೆ, ನಲ್ಲಿ ಬಿಡಲಾಗುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ಊರು ಕುಂದಾಪುರದ ಹತ್ತಿರ, ಈಗ ಡೊಂಬಿವಲಿಯಲ್ಲಿ ಮನೆ, ದಾದರ್‌ನಲ್ಲಿ ಅಕೌಂಟ್ಸ್ ಕೆಲಸ. ಲೋಕಲ್ ಟ್ರೇನಿನ ಕಂಬ, ಆಫೀಸಿನ ಬಾಗಿಲು, ಹಾಲಿನ ಪ್ಯಾಕೆಟ್, ಏನು ಮುಟ್ಟಿದರೂ ಕೊಳೆ ಅಂಟಿತು ಅನಿಸುತ್ತದೆ. ದಿನಕ್ಕೆ 40 ಸಲವಾದರೂ ಕೈ ತೊಳೆಯುತ್ತೇನೆ. ಡಾಕ್ಟರು ಒಸಿಡಿ (ಬೇಡದ ಯೋಚನೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ) ಎಂದು ಮಾತ್ರೆ ಕೊಟ್ಟರು, ಎರಡು ವಾರ ತೆಗೆದುಕೊಂಡೆ, ಏನೂ ಆಗಲಿಲ್ಲ, ಬಿಟ್ಟೆ. ಈಗ ಬೆರಳ ಗೆಣ್ಣುಗಳು ಒಡೆದು ರಕ್ತ ಬರುತ್ತಿದೆ. ಅತ್ತೆ ಮಾತ್ರ "ನಮ್ಮ ಸೊಸೆಗೆ ಮಡಿ ಜಾಸ್ತಿ" ಎಂದು ಹೊಗಳುತ್ತಾರೆ. ಯಾವ ಕ್ರೀಮ್ ಹಚ್ಚಲಿ? ಗ್ಲೌಸ್ ಹಾಕಿಕೊಂಡು ಓಡಾಡಲಾ? ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಕೈ ನೋಡಿದರೆ ಏನು ಹೇಳಲಿ?

ಉತ್ತರ: ಮೊದಲು ಕ್ರೀಮ್ ವಿಷಯ ಮುಗಿಸಿಬಿಡೋಣ, ನೀವು ಕೇಳಿದ್ದು ಅದನ್ನೇ ಅಲ್ವಾ. ದುಬಾರಿ ಟ್ಯೂಬ್ ಏನೂ ಬೇಡ. ಪರಿಮಳ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ಚರ್ಮದ ಮೇಲ್ಪದರದಲ್ಲಿ ತೆಳುವಾದ ಜಿಡ್ಡು ಇರುತ್ತದೆ, ಒಳಗಿನ ತೇವ ಆರಿಹೋಗದಂತೆ ಹಿಡಿದಿಡುವುದು ಅದೇ. ಸೋಪು ಕೊಳೆಯ ಜೊತೆ ಅದನ್ನೂ ಎತ್ತಿಕೊಂಡು ಹೋಗುತ್ತದೆ, ನೀರು ಬಿಸಿಯಿದ್ದರೆ ಇನ್ನೂ ಜಾಸ್ತಿ. ಬಿಟ್ಟರೆ ಚರ್ಮ ಅದನ್ನು ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ, ಆದರೆ ಅರ್ಧ ಗಂಟೆಗೊಮ್ಮೆ ನೀವು ನಲ್ಲಿ ತಿರುಗಿಸುತ್ತಿದ್ದರೆ ಅದಕ್ಕೆ ಪುರುಸೊತ್ತೆಲ್ಲಿ?

ಹಾಗಾಗಿ ತೊಳೆಯುವಾಗ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು. ಸೋಪು ಒಂದೇ ಸಲ, 20 ಸೆಕೆಂಡು. ನೀರಿಗೆ ಆಂಟಿಸೆಪ್ಟಿಕ್ ಲಿಕ್ವಿಡ್ ಹಾಕುವುದು ಬೇಡ, ಒಡೆದ ಕೈಗೆ ಅದು ಬೆಂಕಿ ಇದ್ದ ಹಾಗೆ. ಉಂಗುರ ತೆಗೆದಿಡಿ, ಅದರಡಿ ಸೋಪು ಉಳಿದರೆ ಅಲ್ಲೇ ಮೊದಲು ಕೆಂಪಗಾಗುವುದು. ಟವೆಲ್‌ನಿಂದ ತಿಕ್ಕಬೇಡಿ, ಒತ್ತಿ ಒತ್ತಿ ಒರೆಸಿ, ಸ್ವಲ್ಪ ಪಸೆ ಇರುವಾಗಲೇ ಜೆಲ್ಲಿ ಹಚ್ಚಿ.

ಇಲ್ಲಿ ಒಂದು ತೊಡಕಿದೆ, ಚರ್ಮದ ಡಾಕ್ಟರು ಗಡಿಬಿಡಿಯಲ್ಲಿ ಹೇಳದೆ ಬಿಡಬಹುದು. ನಿಮ್ಮಂಥವರಿಗೆ ಜೆಲ್ಲಿಯ ಅಂಟೇ ಕೊಳೆ ಅನಿಸುತ್ತದೆ. ಹಚ್ಚಿದ ಎರಡನೇ ನಿಮಿಷಕ್ಕೆ ಮತ್ತೆ ಸಿಂಕ್ ಮುಂದೆ ನಿಂತಿರುತ್ತೀರಿ. ಅದಕ್ಕೇ ಮೊದಲ ವಾರ ಅಂಗೈಗೆ ಬೇಡ, ಗೆಣ್ಣುಗಳ ಮೇಲೆ, ಕೈ ಹಿಂಬದಿಗೆ ಮಾತ್ರ ಹಚ್ಚಿ. ಕಡಲೆಕಾಳಿನಷ್ಟು ಸಾಕು. ರಾತ್ರಿ ಊಟವಾಗಿ, ಪಾತ್ರೆ ಎಲ್ಲ ಮುಗಿದ ಮೇಲೆ ಸ್ವಲ್ಪ ದಪ್ಪಗೆ ಹಚ್ಚಿ, ಕಾಟನ್ ಗ್ಲೌಸ್ ಅಥವಾ ಒಗೆದ ಹಳೆಯ ಕಾಟನ್ ಸಾಕ್ಸ್ ಕೈಗೆ ಏರಿಸಿ ಮಲಗಿ. ನೋಡಿದವರು ನಗುತ್ತಾರೆ, ನಗಲಿ. ಹಗಲು ಓಡಾಡಲು ಗ್ಲೌಸ್ ಬೇಡ, ಆಮೇಲೆ ಅದನ್ನು ಬಿಡಿಸುವುದು ಇನ್ನೊಂದು ಕೆಲಸ. ಪಾತ್ರೆ ತೊಳೆಯುವಾಗ, ಹಸಿಮೆಣಸು ಹೆಚ್ಚುವಾಗ ಮಾತ್ರ ಹಾಕಿಕೊಳ್ಳಿ. ಕೆಮಿಸ್ಟ್ ಅಂಗಡಿಯಲ್ಲಿ "ತುರಿಕೆಗೆ" ಎಂದು ಕೊಡುವ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಸುಮ್ನೆ ಹಚ್ಚಬೇಡಿ. ಕೀವು, ಊತ, ಹಳದಿ ಹೊಪ್ಪಳೆ ಕಂಡರೆ ಚರ್ಮದ ಡಾಕ್ಟರ ಹತ್ತಿರ ಅವತ್ತೇ ಹೋಗಿ.

ಇನ್ನು ಅತ್ತೆಯವರ ಮಾತು. ಅಜ್ಜಿಯಂದಿರ ಮಡಿ ನಾನೂ ನೋಡಿದ್ದೇನೆ. ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಒಳಗೆ ಬಂದು, ಯಾರಾದರೂ ಮುಟ್ಟಿದರೆ ಮನೆ ಹಾರಿಹೋಗುವಂತೆ ಬೈದು, ಅಡುಗೆ ನೈವೇದ್ಯ ಊಟ ಎಲ್ಲ ಆದ ಮೇಲೆ ಆರಾಮಾಗಿ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅವರ ಮಡಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಿಮ್ಮದು ಮುಗಿಯುವುದೇ ಇಲ್ಲ. ಅದನ್ನು ಹೊಗಳಿದರೆ ಕಾಯಿಲೆಗೆ ಊಟ ಹಾಕಿದಂತೆ, ಅತ್ತೆಗೆ ಯಾರಾದರೂ ಮೆತ್ತಗೆ ಹೇಳಬೇಕು, ನಿಮ್ಮ ಗಂಡನೇ ಹೇಳಲಿ.

ಮಾತ್ರೆ ಬಿಟ್ಟದ್ದು ತಪ್ಪಾಯಿತು. ಒಸಿಡಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಗುಣ ಸರಿಯಾಗಿ ತಿಳಿಯಲು 8ರಿಂದ 12 ವಾರ ಬೇಕು, ಎರಡು ವಾರದಲ್ಲಿ ಏನೂ ಕಾಣದಿದ್ದದ್ದು ಆಶ್ಚರ್ಯವಲ್ಲ. ಮತ್ತೆ ಡಾಕ್ಟರ ಹತ್ತಿರ ಹೋಗಿ, ಬಿಟ್ಟೆ ಎಂದು ನೇರವಾಗಿ ಹೇಳಿ. ಜೊತೆಗೆ ಇಆರ್‌ಪಿ ಎಂಬ ಚಿಕಿತ್ಸೆ ಕೇಳಿ. ಹೆದರಿಕೆಯ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಮುಟ್ಟುವುದು, ಮುಟ್ಟಿದ ಮೇಲೆ ತೊಳೆಯದೆ ಇರುವುದು, ಇಷ್ಟೇ ಕೇಳಲು. ಮಾಡಲು ಕಷ್ಟ. ಮೊದಲು ಹಾಲಿನ ಪ್ಯಾಕೆಟ್, ಬಹಳ ದಿನಗಳ ಮೇಲೆ ಟ್ರೇನಿನ ಕಂಬ, ಹೀಗೆ ಮೆಟ್ಟಿಲು ಹತ್ತಿಸುತ್ತಾರೆ. ತೊಳೆಯದೆ ಕೂತರೆ ಎದೆಬಡಿತ ಏರುತ್ತದೆ, ಇನ್ನು ತಡೆಯಲಾರೆ ಅನಿಸುತ್ತದೆ. ಆದರೂ ಕೂತರೆ, ಪದೇ ಪದೇ ಹೀಗೆ ಮಾಡಿದರೆ, ಆ ಹೆದರಿಕೆಯ ಜೋರು ಇಳಿಯುತ್ತಾ ಬರುತ್ತದೆ. ತೊಳೆಯದಿದ್ದರೂ ಹೆದರಿಕೆ ಇಳಿಯುತ್ತದೆ ಎಂಬುದನ್ನು ಕೈ ತೊಳೆದು ತೊಳೆದು ಮನಸ್ಸಿಗೆ ಕಲಿಸಲು ಆಗುವುದಿಲ್ಲ.

ಸಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ, ಎರಡರಲ್ಲೂ ಮನೋರೋಗ ವಿಭಾಗವಿದೆ, ಎರಡೂ ನಿಮ್ಮ ಸೆಂಟ್ರಲ್ ಲೈನಿನಲ್ಲೇ. ಹೋಗಲು ಇನ್ನೂ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರಲ್ಲಿ ಶುರುವಾಗಿದ್ದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮನೆಯಲ್ಲಿ ಒಂದು ಕೆಲಸ. "ಕೈ ಸರಿಯಾಗಿ ತೊಳೆದೆನಾ ನೋಡ್ರಿ" ಎಂದು ಗಂಡನನ್ನು ಕೇಳುತ್ತಿದ್ದರೆ ಅದನ್ನು ಕಡಿಮೆ ಮಾಡಿ. ಅವರ "ಹೂಂ, ಆಯ್ತು" ಹತ್ತು ನಿಮಿಷ ಸಮಾಧಾನ ಕೊಡುತ್ತದೆ, ಹನ್ನೊಂದನೇ ನಿಮಿಷಕ್ಕೆ ಮತ್ತೆ ಕೇಳುತ್ತೀರಿ. ಉತ್ತರ ಕೊಡಬಾರದು ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅದು ಜಗಳವಾಗುತ್ತದೆ.

ಅಮ್ಮನ ವಿಷಯ. ಸೋಪಿನ ಅಲರ್ಜಿ ಎಂದು ಸುಳ್ಳು ಹೇಳಬೇಡಿ, ಅವರು ಸೋಪು ಬದಲಿಸಿ ಬದಲಿಸಿ ನಿಮ್ಮ ತಲೆ ತಿನ್ನುತ್ತಾರೆ. "ಅಮ್ಮಾ, ತೊಳೆಯುವುದನ್ನು ನಿಲ್ಲಿಸಲು ಆಗ್ತಾ ಇಲ್ಲ, ಡಾಕ್ಟರ ಹತ್ತಿರ ಹೋಗ್ತಾ ಇದ್ದೇನೆ" ಎನ್ನಿ. ಊರಿನ ತೆಂಗಿನೆಣ್ಣೆ ಬಾಟಲಿ ಹೇಗೂ ತಂದೇ ತರುತ್ತಾರೆ. ಅವರ ಕೈಯಲ್ಲೇ ಹಚ್ಚಿಸಿಕೊಳ್ಳಿ, ಹಚ್ಚಿದ ಮೇಲೆ ಹತ್ತು ನಿಮಿಷ ಅವರ ಪಕ್ಕದಲ್ಲೇ ಕೂತಿರಿ, ಸಿಂಕ್ ಕಡೆ ಹೋಗಬೇಡಿ.