ಆಡುಸೋಗೆ ಎಲೆ ಕೆಮ್ಮಿಗೆ ನಿಜಕ್ಕೂ ಒಳ್ಳೆಯದಾ?

ಆಡುಸೋಗೆ ಎಲೆ ಕೆಮ್ಮಿಗೆ ನಿಜವಾಗಿ ಕೆಲಸ ಮಾಡುತ್ತಾ, ಮನೆಯವರೆಲ್ಲ ಕುಡಿಯಬಹುದಾ ಎಂದು ಕೇಳಿದ್ದೀರಿ. ಕಫದ ಕೆಮ್ಮಿಗೆ ಇದನ್ನು ನಾನು ನಂಬುತ್ತೇನೆ. ಆದರೆ ಎಲ್ಲರಿಗೂ ಅಲ್ಲ.

ಎದೆಯಲ್ಲಿ ಕಫ ಕಟ್ಟಿ, ಎಷ್ಟು ಕೆಮ್ಮಿದರೂ ಹೊರಗೆ ಬಾರದೆ ಗೊರಗೊರ ಅನ್ನುತ್ತದಲ್ಲ, ಆಯುರ್ವೇದದಲ್ಲೂ ಸಿದ್ಧ ವೈದ್ಯದಲ್ಲೂ ಈ ಎಲೆಯ ಮುಖ್ಯ ಬಳಕೆ ಅದಕ್ಕೇ. ಸುಮ್ನೆ ನಂಬಿಕೆಯ ಮಾತಲ್ಲ ಇದು. ಎಲೆಯಲ್ಲಿ ವಾಸಿಸಿನ್ ಎಂಬ ಕಹಿ ಅಂಶವಿದೆ. ಅದರ ಜಾಡು ಹಿಡಿದೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ತೆಳುವಾಗಿಸುವ ಔಷಧ ಬಂತು. ಬ್ರೋಮ್‌ಹೆಕ್ಸಿನ್ ನಮ್ಮ ದೇಹದೊಳಗೆ ಆಂಬ್ರಾಕ್ಸಾಲ್ ಆಗುತ್ತದೆ. ಕೆಮ್ಮಿನ ಸಿರಪ್ ಬಾಟಲಿಗಳ ಮೇಲೆ ಈ ಎರಡು ಹೆಸರೂ ಜಾಸ್ತಿ ಕಾಣುತ್ತವೆ, ನೋಡಿ. ಒಣ ಕೆಮ್ಮಿಗೆ ಮಾತ್ರ ಇದರಿಂದ ಹೆಚ್ಚೇನೂ ನಿರೀಕ್ಷೆ ಬೇಡ.

ಹಸಿ ಎಲೆ ಜಜ್ಜಿದರೆ ರಸ ಸುಲಭಕ್ಕೆ ಬರುವುದಿಲ್ಲ. ಹಳೆಯ ವೈದ್ಯರು ಅದಕ್ಕೊಂದು ಉಪಾಯ ಮಾಡಿದ್ದರು. ಎಲೆ ಅರೆದು ಉಂಡೆ ಕಟ್ಟಿ, ಬೇರೆ ಎಲೆಯಲ್ಲಿ ಸುತ್ತಿ, ಮೇಲೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಡುವುದು. ಆಮೇಲೆ ಬಿಚ್ಚಿ ಹಿಂಡಿದರೆ ರಸ ಧಾರಾಳವಾಗಿ ಇಳಿಯುತ್ತದೆ. ಪುಟಪಾಕ ಅಂದರೆ ಇದೇ. ಈಗ ಎಲೆಯನ್ನು ಆವಿಯಲ್ಲಿ ಬಾಡಿಸಿ ಹಿಂಡಿದರೂ ನಡೆಯುತ್ತದೆ. ಅದಕ್ಕೆ ಜೇನುತುಪ್ಪ, ಚಿಟಿಕೆ ಹಿಪ್ಪಲಿ ಪುಡಿ ಸೇರಿಸುವುದು ರೂಢಿ. ಆದರೂ ಕಹಿ ಹೋಗುವುದಿಲ್ಲ, ದನ ಮೇಕೆಗಳೂ ಸಾಮಾನ್ಯವಾಗಿ ಈ ಗಿಡಕ್ಕೆ ಬಾಯಿ ಹಾಕುವುದಿಲ್ಲ!

ಈಗ ಯಾರು ಕುಡಿಯಬಾರದು ಎಂಬುದು. ಗರ್ಭಿಣಿಯರು ಖಂಡಿತ ಮುಟ್ಟಬಾರದು. ವಾಸಿಸಿನ್ ಗರ್ಭಕೋಶವನ್ನು ಹಿಂಡುತ್ತದೆ, ಹಿಂದೆ ಹೆರಿಗೆ ಬೇಗ ಆಗಲೆಂದು ಈ ಗಿಡವನ್ನು ಬಳಸುತ್ತಿದ್ದದ್ದೂ ಉಂಟು. ವರ್ಷ ತುಂಬದ ಮಗುವಿಗೆ ಜೇನುತುಪ್ಪವೇ ಕೂಡದು, ಚಿಕ್ಕ ಮಕ್ಕಳಿಗೆ ಈ ರಸವನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ದಿನವೂ ಬೇರೆ ಮಾತ್ರೆ ನುಂಗುವವರೂ ಮೊದಲು ಕೇಳಿಕೊಳ್ಳಲಿ.

ಕಫದಲ್ಲಿ ರಕ್ತ ಬಂದರೂ ಹಿಂದಿನವರು ಇದೇ ರಸ ಕೊಡುತ್ತಿದ್ದರು. ಈಗ ಹಾಗೆ ಮಾಡುವುದು ಸರಿಯಲ್ಲ. ರಕ್ತ ಕಂಡರೆ, ಅಥವಾ ಕೆಮ್ಮು 2 ವಾರ ದಾಟಿದರೆ, ಕ್ಷಯದ ಪರೀಕ್ಷೆ ಮಾಡಿಸಿ. ಉಬ್ಬಸಕ್ಕೆ ಒಣಗಿದ ಎಲೆಯ ಹೊಗೆ ಸೇದುವ ಪದ್ಧತಿಯೂ ಇದೆ. ಉಸಿರೇ ಕಟ್ಟುತ್ತಿರುವವರಿಗೆ ಹೊಗೆ ಕುಡಿಸುವುದು ನನಗಂತೂ ಒಪ್ಪಿಗೆಯಿಲ್ಲ, ಇನ್‌ಹೇಲರ್ ಇದ್ದವರು ಅದನ್ನು ಬಿಡಬೇಡಿ.