ಗಟ್ಟಿ ಭೂತೊಗಟೆಯೊಳಗೆ ಗ್ರಾನೈಟ್‌ಗೆ ಜಾಗ ಸಿಕ್ಕಿದ್ದು ಹೇಗೆ?

ಗ್ರಾನೈಟ್ ಆಗುವ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಎಲ್ಲಿಂದ ಬರುತ್ತದೆ, ಅದು ಬಂದು ನೆಲೆಸುವ ಮೊದಲು ಅಲ್ಲಿದ್ದ ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಕಠಿಣವಾದುದು.

ಭೂತೊಗಟೆಯ ಅಡಿಯಲ್ಲಿ ಕರಗಿದ ಕಲ್ಲಿನ ಕಡಲೇನೂ ಇಲ್ಲ. ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್ ಕೂಡ ಬಹುಮಟ್ಟಿಗೆ ಘನವೇ. ಕೆಳಗಿನಿಂದ ಏರಿಬಂದ ಬಸಾಲ್ಟ್ ಶಿಲಾಪಾಕದ ಶಾಖದಿಂದಲೋ, ಪರ್ವತಗಳು ಏಳುವಾಗ ದಪ್ಪಗಾದ ತೊಗಟೆಯಲ್ಲಿ ವಿಕಿರಣಶೀಲ ಧಾತುಗಳ ಶಾಖ ಕೂಡಿಕೊಳ್ಳುವುದರಿಂದಲೋ, ಖಂಡದ ತೊಗಟೆಯ ಆಳದ ಶಿಲೆಗಳು ಭಾಗಶಃ ಕರಗುತ್ತವೆ. ನೀರು ಧಾರಾಳವಾಗಿದ್ದರೆ 650–700 ಡಿಗ್ರಿ ಸೆಲ್ಸಿಯಸ್ ಸಾಕು. ಇಲ್ಲವಾದರೆ ಅಭ್ರಕದಂಥ ಖನಿಜಗಳು ಒಡೆದು ತಮ್ಮೊಳಗಿನ ನೀರನ್ನು ಬಿಟ್ಟುಕೊಡುವಷ್ಟು, ಅಂದರೆ ಸುಮಾರು 800 ಡಿಗ್ರಿಯವರೆಗೆ, ಬಿಸಿಯೇರಬೇಕು. ನೀರಿನ ಒತ್ತಡದಲ್ಲಿ, ಗ್ರಾನೈಟ್‌ನ ಮುಖ್ಯ ಖನಿಜಗಳಾದ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್‌ಗಳ ಯಾವ ಮಿಶ್ರಣ ಅತಿ ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆಯೋ, ಬಹುತೇಕ ಗ್ರಾನೈಟ್‌ಗಳ ಸಂಯೋಜನೆ ಅದಕ್ಕೆ ಹತ್ತಿರವಾಗಿದೆ ಎಂದು ಶಿಲಾವಿಜ್ಞಾನಿಗಳಾದ ಟಟ್ಲ್ ಮತ್ತು ಬೋವೆನ್ 1958ರಲ್ಲಿ ತೋರಿಸಿದರು. ಬಸಾಲ್ಟ್ ಶಿಲಾಪಾಕದಲ್ಲಿ ಹರಳುಗಳು ಬೇರ್ಪಡುತ್ತ ಹೋಗಿ ಕೊನೆಗೆ ಉಳಿಯುವ ದ್ರವವೂ ಗ್ರಾನೈಟ್ ಆಗಬಲ್ಲದು, ಆದರೆ ಹಾಗೆ ಸಿಗುವ ಪ್ರಮಾಣ ಸ್ವಲ್ಪವೇ.

ಈ ದ್ರವ ಸುತ್ತಲಿನ ಶಿಲೆಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಅದು ಬೃಹತ್ ಗುಳ್ಳೆಯಂತೆ ಇಡಿಯಾಗಿ ಏರುತ್ತದೆಂಬುದು ಹಳೆಯ ಕಲ್ಪನೆ. ಮೇಲಿನ ತೊಗಟೆ ತಣ್ಣಗಿದ್ದು ಬಿಗಿಯಾಗಿರುವುದರಿಂದ ಅಂಥ ಗುಳ್ಳೆ ಅರ್ಧದಲ್ಲೇ ಹೆಪ್ಪುಗಟ್ಟೀತು. ಬಿರುಕುಗಳ ಮೂಲಕ, ಡೈಕ್‌ಗಳ (ಬಿರುಕು ತುಂಬಿದ ತೆಳು ಹಾಳೆಗಳ) ರೂಪದಲ್ಲಿ, ಕಂತುಕಂತಾಗಿ ಏರುತ್ತದೆಂಬುದೇ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ. ಮೇಲ್ಮೈಗೆ ಕೆಲವು ಕಿಲೋಮೀಟರ್ ಕೆಳಗೆ ಅದು ಅಡ್ಡಲಾಗಿ ಹರಡಿ ನಿಲ್ಲುತ್ತದೆ. ಮೇಲಿನ ಶಿಲೆ ಎತ್ತಲ್ಪಡುತ್ತದೆ, ತಳ ಕುಸಿಯುತ್ತದೆ, ಪಕ್ಕದ ಶಿಲೆ ಬಾಗಿ ಸರಿಯುತ್ತದೆ, ಕೆಲವು ತುಂಡುಗಳು ಕಳಚಿ ಶಿಲಾಪಾಕದೊಳಗೆ ಬೀಳುತ್ತವೆ. ಗ್ರಾನೈಟ್‌ನಲ್ಲಿ ಅಲ್ಲಲ್ಲಿ ಕಾಣುವ ಅನ್ಯ ಶಿಲೆಯ ತುಣುಕುಗಳಲ್ಲಿ ಹಲವು ಹೀಗೆ ಬಿದ್ದವು.

ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿರುವ ಟುವಾಲಮಿ ಎಂಬ ಗ್ರಾನೈಟ್ ಶಿಲಾಸಮೂಹ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಹರಡಿದೆ. ಅದರ ಜಿರ್ಕಾನ್ ಎಂಬ ಖನಿಜದ ಹರಳುಗಳಲ್ಲಿನ ಯುರೇನಿಯಂ ಮತ್ತು ಅದು ಕಾಲಕ್ರಮೇಣ ಕ್ಷಯಿಸಿ ಆದ ಸೀಸದ ಅನುಪಾತದಿಂದ ಲೆಕ್ಕಹಾಕಿದರೆ, ಅದು ಸುಮಾರು 9.5 ಕೋಟಿಯಿಂದ 8.5 ಕೋಟಿ ವರ್ಷಗಳ ಹಿಂದಿನವರೆಗೆ ಬೆಳೆಯುತ್ತಲೇ ಇತ್ತು. ತೊಗಟೆಯ ಮೇಲ್ಭಾಗದಲ್ಲಿ ಒಂದೇ ಸಲ ತುಂಬಿದ ಶಿಲಾಪಾಕ ಅಷ್ಟು ಕಾಲ ದ್ರವವಾಗಿ ಉಳಿಯಲಾರದು. ಎಂದರೆ ಅಷ್ಟೂ ರಾಶಿ ಏಕಕಾಲದಲ್ಲಿ ಕರಗಿದ ಸ್ಥಿತಿಯಲ್ಲಿ ಇರಲೇ ಇಲ್ಲ, ಅದಕ್ಕೆ ಬೇಕಾದ ಜಾಗವೂ ಒಮ್ಮೆಲೇ ತೆರೆಯಬೇಕಾಗಿರಲಿಲ್ಲ. ಹಾಗಾದರೆ ಕಂತುಗಳ ನಡುವಿನ ಗಡಿಗಳು ಏಕೆ ಎದ್ದು ಕಾಣುವುದಿಲ್ಲ ಎಂಬ ಆಕ್ಷೇಪ ಸಹಜ; ಹೊಸ ಕಂತು ಬಂದಾಗ ಹಳೆಯದು ಇನ್ನೂ ಬಿಸಿಯಾಗಿದ್ದು, ಹರಳುಗಳು ಗಡಿಯನ್ನು ದಾಟಿ ಮರುಬೆಳೆಯುವುದರಿಂದ ಅದು ಅಳಿಸಿಹೋಗುತ್ತದೆ ಎಂಬುದು ಈ ವಾದವನ್ನು ಒಪ್ಪುವವರು ಕೊಡುವ ಉತ್ತರ.