ಒಂದೇ ಪುಟದ ಎರಡು ಯೂಟ್ಯೂಬ್ ವಿಡಿಯೋಗಳನ್ನು ಜೊತೆಯಾಗಿ ಓಡಿಸುವುದು ಹೇಗೆ?

ನಿಮ್ಮ ಮೃದಂಗ ಪಾಠದ ಪುಟದಲ್ಲಿ ಎರಡು ಯೂಟ್ಯೂಬ್ ವಿಡಿಯೋಗಳಿವೆ. ಒಂದರಲ್ಲಿ ಗುರುಗಳು ಎದುರಿಗೆ ಕಾಣುತ್ತಾರೆ, ಇನ್ನೊಂದರಲ್ಲಿ ಬೆರಳುಗಳು ಮಾತ್ರ. ಯಾವುದನ್ನು ಒತ್ತಿದರೂ ಎರಡೂ ಓಡಬೇಕು, ಒಂದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲಬೇಕು ಅಂತ ಕೇಳಿದ್ದೀರಿ. ಮಾಡಬಹುದು. ಎರಡು ಐಫ್ರೇಮ್‌ಗಳು (ಪುಟದೊಳಗೆ ಬೇರೆ ಪುಟವನ್ನು ತೋರಿಸುವ ಚೌಕಟ್ಟುಗಳು) ನೇರವಾಗಿ ಮಾತಾಡಿಕೊಳ್ಳುವುದಿಲ್ಲ. ನಿಮ್ಮ ಪುಟದ ಜಾವಾಸ್ಕ್ರಿಪ್ಟ್ ನಡುವೆ ನಿಂತು ಯೂಟ್ಯೂಬ್‌ನ ಐಫ್ರೇಮ್ ಎಪಿಐ (ಕೋಡಿನಿಂದ ಪ್ಲೇಯರನ್ನು ನಡೆಸುವ ಆಜ್ಞೆಗಳ ಕಟ್ಟು) ಮೂಲಕ ಎರಡಕ್ಕೂ ಹೇಳಬೇಕು.

ಎರಡೂ ಐಫ್ರೇಮ್ ವಿಳಾಸಗಳ ಕೊನೆಗೆ ‘ಇನೇಬಲ್‌ಜೆಎಸ್‌ಎಪಿಐ=1’ ಸೇರಿಸಿ. ಇದು ಬಿಟ್ಟುಹೋದರೆ ವಿಡಿಯೋ ಓಡುತ್ತದೆ, ಆದರೆ ನಿಮ್ಮ ಆಜ್ಞೆಗೆ ಜಗ್ಗುವುದಿಲ್ಲ. ಎಪಿಐ ಲೋಡ್ ಆದಮೇಲೆ ‘ಆನ್‌ಯೂಟ್ಯೂಬ್‌ಐಫ್ರೇಮ್‌ಎಪಿಐರೆಡಿ’ ಎಂಬ ಫಂಕ್ಷನ್ ಒಂದೇ ಸಲ ಕರೆಯಲ್ಪಡುತ್ತದೆ. ಎರಡೂ ಪ್ಲೇಯರ್‌ಗಳನ್ನು ಅದರೊಳಗೇ ಹುಟ್ಟಿಸಿ. ಎರಡರ ‘ಆನ್‌ರೆಡಿ’ಯೂ (ಪ್ಲೇಯರ್ ಸಿದ್ಧ ಎಂಬ ಸಂದೇಶ) ಬರುವ ತನಕ ಯಾವ ಆಜ್ಞೆಯನ್ನೂ ಕೊಡಬೇಡಿ.

ಮುಂದಿನದೆಲ್ಲ ‘ಆನ್‌ಸ್ಟೇಟ್‌ಚೇಂಜ್’ (ಪ್ಲೇಯರ್ ಸ್ಥಿತಿ ಬದಲಾದಾಗ ಬರುವ ವರದಿ) ಮೇಲೆ ನಿಂತಿದೆ: 1 ಬಂದರೆ ಓಡುತ್ತಿದೆ, 2 ನಿಂತಿದೆ, 3 ಬಫರ್ ಆಗುತ್ತಿದೆ (ವಿಡಿಯೋ ಇನ್ನೂ ಲೋಡ್ ಆಗುತ್ತಿದೆ), 0 ಮುಗಿದಿದೆ. ಗುರುಗಳ ವಿಡಿಯೋ ‘ಅ’, ಬೆರಳಿನದು ‘ಬ’ ಎಂದಿಟ್ಟುಕೊಳ್ಳಿ. ‘ಅ’ಕ್ಕೆ 1 ಬಂದರೆ ‘ಬ’ಗೆ ಪ್ಲೇವಿಡಿಯೋ, 2 ಬಂದರೆ ಪಾಜ್‌ವಿಡಿಯೋ. ಇದನ್ನೇ ತಿರುಗಿಸಿ ‘ಬ’ಗೂ ಬರೆದರೆ ತೊಂದರೆ ಶುರು. ನಿಮ್ಮ ಆಜ್ಞೆಯಿಂದ ‘ಬ’ ಓಡಿದಾಗಲೂ ಅದು 1 ಅಂತಲೇ ವರದಿ ಮಾಡುತ್ತದೆ. ಒತ್ತಿದ್ದು ಬಳಕೆದಾರರೋ ನಿಮ್ಮ ಕೋಡೋ ಎಂಬುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಆಜ್ಞೆ ಕೊಡುವ ಮುನ್ನ ಇನ್ನೊಂದರ ‘ಗೆಟ್‌ಪ್ಲೇಯರ್‌ಸ್ಟೇಟ್’ ನೋಡಿ, ಆಗಲೇ ಅದೇ ಸ್ಥಿತಿಯಲ್ಲಿದ್ದರೆ ಸುಮ್ಮನಿರಿ. ನೆಟ್ ನಿಧಾನವಿದ್ದಾಗ ಇದೂ ಸಾಲದು: ‘ಬ’ ಬಫರ್ ಆಗುತ್ತಿರುವಾಗಲೇ ‘ಅ’ವನ್ನು ನಿಲ್ಲಿಸಿದರೆ, ‘ಬ’ಯಿಂದ ತಡವಾಗಿ ಬಂದ 1 ‘ಅ’ವನ್ನು ಮತ್ತೆ ಎಬ್ಬಿಸಬಹುದು. ಕೊನೆಯ ಆಜ್ಞೆ ಏನು, ಯಾವಾಗ ಕೊಟ್ಟದ್ದು ಎಂದು ಎರಡು ವೇರಿಯಬಲ್‌ಗಳಲ್ಲಿಡಿ. ಅದಾದ ಒಂದು ಸೆಕೆಂಡಿನೊಳಗೆ ಆಜ್ಞೆಗೆ ವಿರುದ್ಧವಾಗಿ ಬಂದ ವರದಿಯನ್ನು ನಂಬದೆ, ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಡಿ.

ಎಳೆದು ಮುಂದೆ ಹೋದದ್ದನ್ನು ತಿಳಿಸುವ ಪ್ರತ್ಯೇಕ ಈವೆಂಟ್ ಈ ಎಪಿಐನಲ್ಲಿಲ್ಲ. ಅರ್ಧ ಸೆಕೆಂಡಿಗೊಮ್ಮೆ ಎರಡರ ‘ಗೆಟ್‌ಕರೆಂಟ್‌ಟೈಮ್’ (ಈಗ ಎಷ್ಟನೇ ಸೆಕೆಂಡ್ ಓಡುತ್ತಿದೆ) ಹೋಲಿಸಿ, ವ್ಯತ್ಯಾಸ 0.5 ಸೆಕೆಂಡ್ ದಾಟಿದರೆ ಮಾತ್ರ ‘ಸೀಕ್‌ಟು’ ಕೊಟ್ಟು ಜಿಗಿಸಿ. 0.1ಕ್ಕೇ ತಿದ್ದಲು ಹೊರಟರೆ ಪ್ರತಿ ತಿದ್ದುಪಡಿಯೂ ಬಫರಿಂಗ್ ತಂದು ಅಂತರ ಇನ್ನೂ ಹೆಚ್ಚಬಹುದು. ಈ ವಿಷಯದಲ್ಲಿ ‘ಅ’ವೇ ಯಜಮಾನ, ‘ಬ’ ಅದನ್ನು ಹಿಂಬಾಲಿಸಲಿ. ಇಲ್ಲವಾದರೆ ಎರಡೂ ಒಂದರ ಸಮಯಕ್ಕೆ ಇನ್ನೊಂದು ಜಿಗಿಯುತ್ತಿರುತ್ತವೆ.

ಬೆರಳಿನ ವಿಡಿಯೋಗೆ ‘ಮ್ಯೂಟ್’ ಹಾಕಲೇಬೇಕು. ಅರ್ಧ ಸೆಕೆಂಡಿನ ವ್ಯತ್ಯಾಸದಿಂದ ಮೃದಂಗದ ‘ತ’ ಎರಡು ಸಲ ಕೇಳಿದರೆ ತಾಳವೇ ಕೆಡುತ್ತದೆ. ಸದ್ದಿರುವ ವಿಡಿಯೋ ತಾನಾಗಿ ಓಡುವುದನ್ನು ಬ್ರೌಸರ್‌ಗಳು ತಡೆಯುವುದರಿಂದ ಅಲ್ಲಿಯೂ ಇದು ಅನುಕೂಲ. ಐಫೋನ್‌ಗಾಗಿ ‘ಪ್ಲೇಸ್‌ಇನ್‌ಲೈನ್=1’ ಸೇರಿಸಿ; ಇಲ್ಲದಿದ್ದರೆ ಒಂದು ವಿಡಿಯೋ ಪರದೆ ತುಂಬಿಕೊಂಡು ಇನ್ನೊಂದು ಕಾಣುವುದೇ ಇಲ್ಲ.

ಪರೀಕ್ಷಿಸುವಾಗ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ನಿಮ್ಮದೇ ಕಂಪ್ಯೂಟರಿನಲ್ಲಿ ಓಡುವ ಲೋಕಲ್‌ಹೋಸ್ಟ್ ಸರ್ವರ್‌ನಿಂದ ತೆರೆಯಿರಿ. ನೇರ ಫೈಲಿಗೆ ಸರಿಯಾದ ಒರಿಜಿನ್ (ಪುಟ ಎಲ್ಲಿಂದ ಬಂತೆಂಬ ಗುರುತು) ಇರುವುದಿಲ್ಲ, ಕೋಡ್ ಸರಿಯಿದ್ದರೂ ಸಂದೇಶಗಳು ತಲುಪದೆ ಹೋಗಬಹುದು.